ಕ್ಯಾಸೆಟ್ಟಿನ ಮೇಲಿನ ಹೆಸರು

ಬಟವಾಡಿಯ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿರುವ ಪ್ರೇಮಲತಾಗೆ ಡಿಸೆಂಬರ್ ಬಂತೆಂದರೆ ಮೈಯೆಲ್ಲ ಉರಿ. ಆಟೊದಲ್ಲಿ, ಬೇಕರಿಯಲ್ಲಿ, ರೋಗಿಗಳ ಮೊಬೈಲಿನಲ್ಲಿ ಅದೇ ಕ್ರಿಸ್ಮಸ್ ಹಾಡು, ಗೋದಲಿಯ ಕಂದನಿಗೆ ಜೋಗುಳ. ಮೊದಲು ಕ್ಯಾಸೆಟ್ಟಿನಲ್ಲಿ ಬಂದ ಆ ಹಾಡನ್ನು ಆಮೇಲೆ ಎಷ್ಟೋ ಜನ ಹಾಡಿದರು. ಕೀಬೋರ್ಡಿನ ಅಬ್ಬರದ್ದೂ ಬಂತು, ಮಕ್ಕಳ ಹಾಡುತಂಡದ್ದೂ ಬಂತು. ಕೇಳಿದವರು ಹೇಳುವುದು ಮಾತ್ರ ಒಂದೇ: “ಏನೇ ಹೇಳಿ, ಸಂಧ್ಯಾ ಮೇಡಂ ಹಾಡಿರೋ ಆ ಹಳೇ ಕ್ಯಾಸೆಟ್ಟಿಂದೇ ಚೆಂದ.”

ಆ ದನಿ ಸಂಧ್ಯಾಳದಲ್ಲ, ಪ್ರೇಮಲತಾಳದು.

ಕುಣಿಗಲ್ಲಿನ ಚರ್ಚಿನಲ್ಲಿ ಹಾಡುತ್ತಿದ್ದ ಅವಳನ್ನು ಹರೆಯದಲ್ಲಿ ಬೆಂಗಳೂರಿನ ಸ್ಟುಡಿಯೋಗೆ ಕರೆದೊಯ್ದು ಹಾಡಿಸಿದವನು ಚರ್ಚಿನ ಹಾಡುತಂಡ ನಡೆಸುತ್ತಿದ್ದ ಕಾಯರ್ ಮಾಸ್ಟರ್ ಮೋಹನ್‌ಕುಮಾರ್. ವಾಪಸು ಬರುವಾಗ ಬಸ್ಸಿನಲ್ಲೇ ಮದುವೆಯ ಮಾತೆತ್ತಿದ. ಅವಳು ಒಲ್ಲೆ ಎಂದಳು. ಕ್ಯಾಸೆಟ್ ಹೊರಬರುವಷ್ಟರಲ್ಲಿ ಅವನಿಗೆ ಗುಬ್ಬಿಯ ಸಂಧ್ಯಾಳ ಜೊತೆ ಮದುವೆಯಾಗಿತ್ತು. ಗುಬ್ಬಿಯಲ್ಲೇ ಮನೆಮಾಡಿ ಅಲ್ಲಿನ ಕಾಯರ್ ನಡೆಸತೊಡಗಿದ್ದ. ಕವರಿನ ಮೇಲೆ ಹೊಸ ಹೆಂಡತಿಯ ಹೆಸರು, ಹೊಸ ಹೆಂಡತಿಯ ಫೋಟೊ. ಕೇಳಲು ಹೋದವಳಿಗೆ ಬಾಗಿಲಲ್ಲೇ ನಿಂತು ಹೇಳಿದ: “ನಿನ್ ದನಿ ಅಂದ್ರೆ ಯಾರ್ ನಂಬ್ತಾರೆ? ಹೋಗ್ ಹೋಗು.” ಜಗಳ ಬೇಡವೆಂದು ಅಪ್ಪ ಅವಳಿಗೇ ಕೈಮುಗಿದರು. ಪ್ರೇಮಲತಾ ನುಂಗಿಕೊಂಡಳು, ಅರಗಿಸಿಕೊಳ್ಳಲಿಲ್ಲ.

ಹೋದ ವರ್ಷ ಅದೇ ಹಾಡನ್ನು ಮತ್ತೆ ಹಾಡಿ ಯೂಟ್ಯೂಬಿಗೆ ಹಾಕಿದಳು. ಯಾರೋ ಕೆಳಗೆ ಬರೆದರು: “ಟ್ರೈ ಚೆನ್ನಾಗಿದೆ ಆಂಟಿ, ಸಂಧ್ಯಾ ಮೇಡಂ ಲೆವೆಲ್ಲಿಗೆ ಬರಲ್ಲ.” ತನ್ನದೇ ಎಳೆಯ ದನಿಯೆದುರು ಸೋತ ಆ ದಿನ, ಇನ್ನು ಸುಮ್ಮನಿರುವುದಿಲ್ಲ ಎಂದುಕೊಂಡಳು.

ಈ ಸಲ ಗುಬ್ಬಿಯ ಚರ್ಚಿನವರು ಜನರ ಅಚ್ಚುಮೆಚ್ಚಿನ ಕ್ರಿಸ್ಮಸ್ ಹಾಡು ಯಾವುದೆಂದು ಕೇಳಿ, ಅದರ ಗಾಯಕಿಗೆ ಸನ್ಮಾನ ಇಟ್ಟುಕೊಂಡರು. ಭಾನುವಾರದ ಆರಾಧನೆ ಮುಗಿದ ಮೇಲೆ ಸಂಧ್ಯಾಳಿಗೆ ಶಾಲು ಹೊದಿಸಿದರು. ಅವಳು ತಲೆಯೆತ್ತಲಿಲ್ಲ. ಮೋಹನ್‌ಕುಮಾರ್ ಮೈಕ್ ಹಿಡಿದು, ಹೆಂಡತಿಯನ್ನು ತಾನೇ ಹೇಗೆ ತಯಾರು ಮಾಡಿದೆನೆಂದು ಶುರುಮಾಡಿದ.

ಮುಂದಿನ ಸಾಲಿನಿಂದ ಪ್ರೇಮಲತಾ ಎದ್ದು ನಿಂತಳು. “ಎರಡು ಸಾಲು ಹಾಡಿಸಿ ಸರ್. ಟ್ರ್ಯಾಕ್ ಇಲ್ದೆ.”

ಜನ ಚಪ್ಪಾಳೆ ತಟ್ಟಿದರು. ಅವಳನ್ನು ಗುರುತಿಸಿದ ಮೋಹನ್‌ಕುಮಾರನ ಮುಖ ಬಿಳಿಚಿಕೊಂಡಿತು.

“ಗಂಟಲು ಸರಿಯಿಲ್ಲ ಅವ್ಳಿಗೆ,” ಎಂದ.

“ಕ್ಯಾಸೆಟ್ ಮಾಡ್ದಾಗ್ಲೂ ಸರಿಯಿರ್ಲಿಲ್ಲ ಅಲ್ವಾ?” ಎಂದವಳೇ ನಿಂತಲ್ಲೇ ಹಾಡತೊಡಗಿದಳು. ದನಿ ದಪ್ಪವಾಗಿತ್ತು, ಮೇಲಿನ ಸ್ವರದಲ್ಲಿ ನಡುಗುತ್ತಿತ್ತು. ಆದರೆ ಸಾಲಿನ ಕೊನೆಯಲ್ಲಿ ‘ಕಂದಾ’ ಎಂದು ಎಳೆಯುವ ರೀತಿ ಅದೇ.

“ಮಿಮಿಕ್ರಿ ಯಾರ್ ಬೇಕಾದ್ರೂ ಮಾಡ್ತಾರೆ,” ಎಂದ ಮೋಹನ್‌ಕುಮಾರ್.

ಸಂಧ್ಯಾ ಅವನ ಕೈಯಿಂದ ಮೈಕ್ ತೆಗೆದುಕೊಂಡಳು. “ಮಿಮಿಕ್ರಿ ಅಲ್ಲ. ಹಾಡಿದ್ದು ಅವ್ರೇ. ನಂಗೆ ಹಾಡೋಕೇ ಬರಲ್ಲ.”

ಕಾಯರಿನವರು ಅವನನ್ನು ಕೈಬಿಟ್ಟರು. ಆ ವಾರವೇ ಸಂಧ್ಯಾ ಬಟವಾಡಿಯ ಕ್ಲಿನಿಕ್ಕಿಗೆ ಬಂದಳು. “ಮನೆಯಿಂದ ಆಚೆ ಬರ್ತಿಲ್ಲ ಅವ್ರು. ಊಟಾನೂ ಸರಿಯಾಗ್ ಮಾಡ್ತಿಲ್ಲ. ಇನ್ನಾದ್ರೂ ಬುಟ್ಬುಡಿ ಅಕ್ಕ.”

“ನಿಮ್ ಮೇಲೆ ನಂಗೇನೂ ಇಲ್ಲ. ಟೀ ಕುಡೀರಿ. ಅವನ್ ವಿಷ್ಯ ಮಾತ್ರ ಎತ್ಬೇಡಿ,” ಎಂದಳು ಪ್ರೇಮಲತಾ.

ಕ್ರಿಸ್ಮಸ್ ಬೆಳಿಗ್ಗೆ ಅವಳು ಮೊದಲ ಬಸ್ಸಿಗೇ ಗುಬ್ಬಿಗೆ ಹೋದಳು. ಮೋಹನ್‌ಕುಮಾರನ ಮನೆ ಚರ್ಚಿನ ಹಿಂದಿನ ಬೀದಿಯಲ್ಲಿತ್ತು. ಚರ್ಚಿನಂಗಳದಲ್ಲಿ ಸೌಂಡ್ ಸಿಸ್ಟಮ್ ಕಟ್ಟುತ್ತಿದ್ದ ಗಂಗಹನುಮಯ್ಯನ ಬಳಿ ಹೋಗಿ, “ಒಂದು ಹಾರ್ನ್ ಸ್ಪೀಕರ್ ಆ ಬೀದಿ ಕಡೆ ತಿರುಗ್ಸಪ್ಪ,” ಎಂದಳು. ಮೊದಲು ಅವಳ ಹೆಸರು ಹೇಳಿ, ಆಮೇಲೆ ಹಳೇ ಕ್ಯಾಸೆಟ್ಟಿನ ಹಾಡು ಹಾಕಿದರು. ಹಿಂದಿನ ಬೀದಿಯಲ್ಲಿ ಕಿಟಕಿಯೊಂದು ಧಡಾರನೆ ಮುಚ್ಚಿಕೊಂಡಿತು.

ಹಾಡು ಮುಗಿಯುವವರೆಗೂ ಪ್ರೇಮಲತಾ ಅಲ್ಲೇ ನಿಂತಿದ್ದಳು. “ಇನ್ನೊಂದ್ಸಲ ಹಾಕು,” ಎಂದಳು.