ನನಗೆ ಕೇಳಿಸದ ಕೆಮ್ಮು

ದೊಡ್ಡ ಫಾದರ್ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಲೈಬ್ರರಿಯಲ್ಲಿ ಅವರ ಕೆಮ್ಮು ಕೇಳಿಸುತ್ತದೆ ಎಂಬ ಮಾತು ಅಷ್ಟರಲ್ಲೇ ಹುಟ್ಟಿತು.

ಮೊದಲು ಹೇಳಿದವನು ಲೈಬ್ರರಿಯ ಜವಾನ. ಸಂಜೆ ಬಾಗಿಲು ಹಾಕಲು ಹೋದವನಿಗೆ ಕಪಾಟುಗಳ ಹಿಂದಿನಿಂದ ಕೆಮ್ಮು ಕೇಳಿಸಿತಂತೆ, ಆಮೇಲೆ ಹಾಳೆ ತಿರುವಿದ ಸದ್ದು. ಅವನು ನೇರ ಸ್ಟಾಫ್ ರೂಮಿಗೆ ಬಂದು ನನಗೆ ಹೇಳಿದ. ಮುಖದಲ್ಲಿ ಹೆದರಿಕೆ ಇರಲಿಲ್ಲ, ಏನೋ ಸಂಕೋಚವಿತ್ತು.

“ಇನ್ನೂ ಓದಾಕ ಕುಂತಾರ್ರೀ ಮೇಡಮ್ಮಾರ. ಒಳಗ ಅವರು ಇರಬೇಕಾದ್ರ ಕೀಲಿ ಹ್ಯಾಂಗ ಹಾಕ್ಲಿ? ಹಂಗ ಬಿಟ್ಟು ಬಂದೆ.”

ನಾನು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಬಾಗಿಲಿಗೆ ಕೀಲಿ ಹಾಕಿಕೊಂಡು ಬಂದೆ.

ನಮ್ಮ ಕಾಲೇಜು ಹಗರಿಬೊಮ್ಮನಹಳ್ಳಿಯ ಅಂಚಿನಲ್ಲಿ, ಕೂಡ್ಲಿಗಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ನಡೆಸುತ್ತಿದ್ದವರು ಕಥೋಲಿಕ ಪಾದ್ರಿಗಳು. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಓದಲು ಬರುತ್ತಿದ್ದವರೆಲ್ಲ ಹಡಗಲಿ, ಹರಪನಹಳ್ಳಿ, ಗುಡೇಕೋಟೆ ಕಡೆಯ ರೈತರ, ಕೂಲಿಯವರ ಮಕ್ಕಳು. ಅಪ್ಪ ಹೊಸದಾಗಿ ಗುಮಾಸ್ತನೋ ಮೇಷ್ಟ್ರೋ ಆಗಿದ್ದ ಮನೆಗಳ ಮಕ್ಕಳು. ನಾನು ಕೊಟ್ಟೂರಿನವಳು. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ ಅಲ್ಲಿಗೆ ಉಪನ್ಯಾಸಕಿಯಾಗಿ ಸೇರಿದೆ. ವಾರವೆಲ್ಲ ಅಲ್ಲಿಯೇ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಪ್ಯಾಸೆಂಜರ್ ಗಾಡಿ ಹಿಡಿದು ಅವ್ವನ ಹತ್ತಿರ ಹೋಗುತ್ತಿದ್ದೆ.

ಕಾಲೇಜು ಕಟ್ಟಿದವರು, ಮೊದಲ ಪ್ರಿನ್ಸಿಪಾಲರು, ಈ ದೊಡ್ಡ ಫಾದರ್. ಮಂಗಳೂರು ಕಡೆಯವರು. ನಮ್ಮ ಬಿಸಿಲಿಗೆ ಕಡೆಗೂ ಒಗ್ಗಿಕೊಳ್ಳದ ತೆಳ್ಳನೆಯ ಮೈ, ಬಿಡದ ದಮ್ಮಿನ ಕಾಯಿಲೆ. ನನ್ನನ್ನು ಸಂದರ್ಶನಕ್ಕೆ ಕರೆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

“ನಿಮಗೆ ದೇವರಲ್ಲಿ ನಂಬಿಕೆ ಉಂಟಾ?”

ಸುಳ್ಳು ಹೇಳಿ ಕೆಲಸ ಗಿಟ್ಟಿಸುವ ಮನಸ್ಸಾಗಲಿಲ್ಲ. “ಗೊತ್ತಿಲ್ಲ” ಎಂದೆ.

“ಒಳ್ಳೆಯದಾಯ್ತು. ಗೊತ್ತುಂಟು ಎನ್ನುವವರು ಇಲ್ಲಿ ನಾವೇ ಬೇಕಾದಷ್ಟು ಜನ ಇದ್ದೇವೆ. ಸೋಮವಾರ ಬನ್ನಿ, ಟೀಚರ್.”

ಅವರು ನನ್ನನ್ನು ಕೊನೆಯವರೆಗೂ ಟೀಚರ್ ಎಂದೇ ಕರೆದರು. ಪ್ರಾರ್ಥನೆ, ಆಡಳಿತ, ಪಾಠ ಮೂರನ್ನೂ ಒಬ್ಬರೇ ಹೊತ್ತುಕೊಂಡಿದ್ದರು. ಆದರೆ ಅವರು ಬದುಕಿದಂತೆ ಕಾಣುತ್ತಿದ್ದದ್ದು ಸಂಜೆ, ಲೈಬ್ರರಿಯಲ್ಲಿ. ಕಿಟಕಿಯ ಬೆಳಕು ಇರುವ ತನಕ ಅಲ್ಲಿ ಓದುತ್ತಿದ್ದರು. ನಾನೂ ಎದುರು ಕುಳಿತಿರುತ್ತಿದ್ದೆ. ಅವರ ಧರ್ಮದ ಮಧ್ಯಯುಗದ ಪಂಡಿತರು ಮೊದಲು ಎದುರಾಳಿಯ ಆಕ್ಷೇಪಗಳನ್ನು ಬರೆದು, ಆಮೇಲೆ ಉತ್ತರ ಬರೆಯುತ್ತಿದ್ದರು. ಅದು ನಮ್ಮ ಶಾಸ್ತ್ರಗಳ ಪೂರ್ವಪಕ್ಷವೇ ಅಲ್ಲವೇ ಎಂದು ನಾನು ಒಂದು ದಿನ ಕೇಳಿದ ಮೇಲೆ ನಮ್ಮಿಬ್ಬರ ಮಾತು ನಿಲ್ಲಲೇ ಇಲ್ಲ. ವರ್ಷಗಳ ತನಕ ನಡೆಯಿತು. ಒಮ್ಮೆ ವಿದ್ಯಾರ್ಥಿಗಳು ‘ದೇವರು ಇದ್ದಾನೆಯೇ’ ಎಂದು ಚರ್ಚಾಸ್ಪರ್ಧೆ ಇಟ್ಟುಕೊಂಡರು. ಕೂಡ್ಲಿಗಿ ಕಡೆಯ ಬೌದ್ಧ ಮನೆತನದ ಹುಡುಗಿಯೊಬ್ಬಳು ಇಲ್ಲವೆಂದು ವಾದಿಸಿ ಗೆದ್ದಳು. ಶಿಲುಬೆಯ ಕೆಳಗೆ ನಿಂತು ಅವಳಿಗೆ ಬಹುಮಾನ ಕೊಟ್ಟವರು ಇವರೇ. ಅವರ ಮೇಲಿನ ಪಾದ್ರಿಗಳು ವಿವರಣೆ ಕೇಳಿದರು. “ಉತ್ತರ ಕೊಟ್ಟಿದ್ದೇನೆ. ಪ್ರಶ್ನೆ ಬೇಡವಾದರೆ ಕಾಲೇಜು ಯಾಕೆ, ಪ್ರಾರ್ಥನಾಲಯ ಒಂದೇ ಸಾಕಿತ್ತಲ್ವಾ ಮಾರಾಯ್ರೆ” ಎಂದು ನನಗೆ ಹೇಳಿ ನಕ್ಕರು. ನಗು ಕೆಮ್ಮಾಯಿತು.

ಒಂದು ಮುಂಗಾರಿನ ಶುರುವಿನಲ್ಲಿ ಆ ದಮ್ಮು ಹೆಚ್ಚಾಗಿ ಬಳ್ಳಾರಿಯ ಆಸ್ಪತ್ರೆಗೆ ಸೇರಿದರು. ಮರಳಿ ಬಂದದ್ದು ಜೀಪಿನಲ್ಲಿ, ಬಿಳಿಯ ಬಟ್ಟೆ ಹೊದಿಸಿಕೊಂಡು. ಆ ಊರಲ್ಲಿ ಕ್ರೈಸ್ತರ ಸ್ಮಶಾನ ಇರಲಿಲ್ಲ. ಮೇಲಿನ ಅನುಮತಿ ತಂದು ಕಾಲೇಜಿನ ಆವರಣದಲ್ಲೇ, ಲೈಬ್ರರಿಯ ಕಿಟಕಿಗೆ ಕಾಣುವ ಬೇವಿನ ಮರದ ಕೆಳಗೆ ಮಣ್ಣು ಮಾಡಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ.

ಕೆಮ್ಮಿನ ಸುದ್ದಿ ಹರಡಿದ ಮೇಲೆ ಸಮಾಧಿಯ ಮೇಲೆ ಹೂವು ಕಾಣಿಸತೊಡಗಿತು. ಹಡಗಲಿಯಿಂದ ಬರುವ ಹುಡುಗಿಯರು ಮಲ್ಲಿಗೆ ತಂದಿಡುತ್ತಿದ್ದರು. ಪರೀಕ್ಷೆ ಹತ್ತಿರವಾದಾಗ ಯಾರೋ ಊದುಬತ್ತಿ ಹಚ್ಚಿದರು. ಆಮೇಲೆ ಒಂದು ಕಾಯಿಯೂ ಒಡೆಯಿತು. ಕೊಟ್ಟೂರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಶರಣರ ಗದ್ದುಗೆಯ ಊರಿನವಳು ಅವಳು.

“ದೊಡ್ಡವರು ಹೋದ ಮ್ಯಾಲ ಒಂದಿಷ್ಟು ದಿನ ಇರ್ತಾರ. ಇದ್ರ ಇರ್ಲಿ ಬಿಡು, ಏನ್ ಕೆಟ್ಟೈತಿ?” ಎಂದಳು. ಆಮೇಲೆ, “ನಿನಗ ಕೇಳಿಸ್ತೇನ?” ಎಂದು ಕೇಳಿದಳು.

“ಇಲ್ಲವ್ವ.”

ಅವ್ವ ನನ್ನ ಮುಖ ನೋಡಿ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ನನ್ನ ಕಷ್ಟ ಇದ್ದದ್ದು ಅಲ್ಲಿಯೇ. ಜವಾನನಿಗೆ ಕೇಳಿಸಿತ್ತು. ಫೀಸಿನ ಕಿಟಕಿಯಲ್ಲಿ ಕೂರುವ ಗುಮಾಸ್ತನಿಗೆ ಕೇಳಿಸಿತ್ತು. ದೊಡ್ಡ ಫಾದರರ ಒಂದೇ ಒಂದು ಪಾಠಕ್ಕೂ ಸರಿಯಾಗಿ ಕೂರದ ಹುಡುಗರಿಗೂ ಕೇಳಿಸಿತ್ತು. ಅಷ್ಟು ವರ್ಷ ಆ ಕೆಮ್ಮಿನ ಎದುರೇ ಕುಳಿತವಳು ನಾನು. ದೆವ್ವ ಭೂತ ನಂಬದವಳು ನಾನು, ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಹೇಳುವವಳು. ಆದರೂ ಸಂಜೆ ಹೊತ್ತು ಒಬ್ಬಳೇ ಹೋಗಿ, ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆ. ಕಿವಿಯೆಲ್ಲ ಕಪಾಟಿನ ಕಡೆ. ಬೇವಿನೆಲೆ ಕಿಟಕಿಗೆ ಉಜ್ಜುವ ಸದ್ದು, ರಸ್ತೆಯಲ್ಲಿ ಬಸ್ಸು, ದೂರದಲ್ಲಿ ಯಾರದೋ ಕುರಿ ಮಂದೆ. ಅಷ್ಟೇ. ಬೆಳಕು ಹೋದ ಮೇಲೆ ಎದ್ದು ಬರುತ್ತಿದ್ದೆ. ಸತ್ತವರ ಮೇಲೆ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆ ಸಂಜೆಗಳಲ್ಲಿ.

ಅಷ್ಟರಲ್ಲಿ ಹೊಸ ಪ್ರಿನ್ಸಿಪಾಲರು ಬಂದರು. ಬೆಂಗಳೂರಿನಲ್ಲಿ ಓದಿದ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಪಾದ್ರಿ. ಊರಿನವರ ಬಾಯಲ್ಲಿ ಅವರು ಬಂದ ದಿನವೇ ಸಣ್ಣ ಫಾದರ್ ಆದರು. ಒಳ್ಳೆಯ ಮನುಷ್ಯ, ಶಿಸ್ತಿನವರು. ಆದರೆ ಏನು ಮಾಡಹೋದರೂ ಒಂದು ಮಾತು ಅಡ್ಡ ಬರುತ್ತಿತ್ತು. ವೇಳಾಪಟ್ಟಿ ಬದಲಿಸಿದರೆ, “ದೊಡ್ಡ ಫಾದರು ಹಿಂಗ ಮಾಡ್ತಿದ್ದಿಲ್ರಿ.” ತಡವಾಗಿ ಬಂದವನನ್ನು ಬೈದರೆ, “ದೊಡ್ಡ ಫಾದರು ಬೈತಿದ್ದಿಲ್ರಿ.” ದೊಡ್ಡ ಫಾದರ್ ಚೆನ್ನಾಗಿಯೇ ಬೈಯುತ್ತಿದ್ದರು, ಅದನ್ನು ಎಲ್ಲರೂ ಮರೆತಿದ್ದರು.

ಸಮಾಧಿಯ ಹೂವು, ಒಡೆದ ಕಾಯಿ ಕಂಡು ಅವರು ಹೌಹಾರಿದರು. ಪೂಜೆ ಮಾಡಕೂಡದು, ಸಂಜೆ ಐದರ ಮೇಲೆ ಲೈಬ್ರರಿ ತೆರೆದಿರಕೂಡದು ಎಂದು ನೋಟಿಸ್ ಹಾಕಿಸಿದರು. ಮಾರನೆಯ ದಿನ ಹೂವು ಇನ್ನಷ್ಟು ಬಿದ್ದಿತ್ತು. ಸುತ್ತ ತಂತಿ ಬೇಲಿ ಹಾಕಿಸಲು ಆಳು ಕರೆಸಿದರು. ಬಂದ ಆಳುಗಳು ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು, ಕೈಮುಗಿದು, “ಬ್ಯಾರೆ ಕೆಲಸ ಇದ್ರ ಹೇಳ್ರಿ” ಎಂದು ಹೊರಟುಹೋದರು.

ಆಗ ಸಣ್ಣ ಫಾದರ್ ನನ್ನನ್ನು ಕರೆಸಿದರು.

“ಮೇಡಂ, ನೀವು ತರ್ಕ ಪಾಠ ಮಾಡುವವರು. ಇಲ್ಲಿ ಹೆಚ್ಚು ವರ್ಷ ಇದ್ದವರೂ ನೀವೇ. ಒಂದು ಸಂಜೆ ನನ್ನ ಜೊತೆ ಲೈಬ್ರರಿಯಲ್ಲಿ ಕೂತುಕೊಳ್ಳಿ. ಏನೂ ಇಲ್ಲ ಅಂತ ಇಬ್ಬರೂ ಸೇರಿ ಹೇಳೋಣ. ನನ್ನೊಬ್ಬನ ಮಾತು ಯಾರೂ ಕೇಳುವುದಿಲ್ಲ.”

ಒಪ್ಪಿಕೊಂಡೆ. ಆ ಸಂಜೆ ಇಬ್ಬರೂ ಎದುರುಬದುರು ಕುಳಿತೆವು. ಅವರ ಕೈಯಲ್ಲಿ ಜಪಮಾಲೆ ಇತ್ತು, ಮೇಜಿನ ಕೆಳಗೆ ಹಿಡಿದಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಹೋಯಿತು. ನಾನು ಏಳೋಣ ಎಂದುಕೊಳ್ಳುವಾಗ ಅವರು ತಟ್ಟನೆ ಕಪಾಟಿನ ಕಡೆ ತಿರುಗಿದರು. ಮುಖ ಬಿಳಿಚಿತ್ತು.

“ಕೇಳಿತಾ, ಮೇಡಂ?”

“ಏನು?”

“ಈಗ. ಆ ಕಡೆಯಿಂದ.”

“ಇಲ್ಲ.”

ಅವರು ನನ್ನನ್ನೇ ನೋಡಿದರು. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ಬದುಕಿರುವಾಗ ಇವರು ಆ ಮನುಷ್ಯನನ್ನು ಕಂಡೂ ಇರಲಿಲ್ಲ.

“ಇದು ಇವತ್ತಿನದಲ್ಲ” ಎಂದರು ಅವರು ತಗ್ಗಿದ ದನಿಯಲ್ಲಿ. “ಬಂದ ವಾರದಿಂದ ಕೇಳಿಸ್ತಾ ಇದೆ. ಆಫೀಸಿನಲ್ಲಿ ಸಹಿ ಹಾಕುವಾಗಲೂ. ನಾನು ಮಾಡುವುದು ಅವರಿಗೆ ಸರಿಬರುತ್ತಿಲ್ಲ ಅನ್ನಿಸುತ್ತದೆ. ಪ್ರಾರ್ಥನೆಗೆ ಕೂತರೂ ಅದೇ. ಅವರು ಸಂತರು, ನಾನು ಯಾರು? ನನ್ನ ಪ್ರಾರ್ಥನೆ ಚಾವಣಿ ದಾಟುವುದಿಲ್ಲ, ಮೇಡಂ. ಮೊದಲು ಹೀಗಿರಲಿಲ್ಲ.”

ಅವರು ಅಳುತ್ತಿದ್ದಾರೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಗಲೇ ಕತ್ತಲು ಕವಿಯುತ್ತಿತ್ತು, ಯಾರೂ ದೀಪ ಹಾಕಲು ಏಳಲಿಲ್ಲ. ನಾನು ಯಾರಿಗೂ ಹೇಳಬಾರದೆಂದುಕೊಂಡಿದ್ದ ಒಂದು ವಿಷಯವನ್ನು ಅವರಿಗೆ ಹೇಳಿದೆ.

ಕೊನೆಯ ಬೇಸಿಗೆಯಲ್ಲಿ, ಅದೇ ಮೇಜಿನ ಮುಂದೆ, ದೊಡ್ಡ ಫಾದರ್ ಪುಸ್ತಕ ಮುಚ್ಚಿಟ್ಟು ಹೇಳಿದ್ದರು: “ಟೀಚರ್, ನಾನು ಪ್ರಾರ್ಥನೆ ಮಾಡುವಾಗ ಆ ಕಡೆಯಿಂದ ಸದ್ದಿಲ್ಲ. ಎಷ್ಟೋ ವರ್ಷದಿಂದ ಇಲ್ಲ. ಇಲ್ಲಿಗೆ ಬರುವ ಮೊದಲೇ ನಿಂತಿತ್ತು.”

“ಮತ್ತೆ ದಿನಾ ಬೆಳಿಗ್ಗೆ ಯಾಕೆ ಹೋಗುತ್ತೀರಿ?” ಎಂದು ಕೇಳಿದ್ದೆ.

“ಸದ್ದಿಲ್ಲ ಅಂದ ಮಾತ್ರಕ್ಕೆ ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಅದು ನೀವೇ ಮಕ್ಕಳಿಗೆ ಹೇಳಿಕೊಡುವ ಪಾಠ ಅಲ್ವಾ?” ಎಂದಿದ್ದರು. ಮತ್ತೆ, ಮಾತು ಬದಲಿಸುವ ಹಾಗೆ, “ಬೇಜಾರಾಗ್ತದೆ. ಆದರೂ ಹೋಗ್ತೇನೆ. ಇಷ್ಟು ಮಕ್ಕಳ ಜವಾಬ್ದಾರಿ ಉಂಟು” ಎಂದು ಎದ್ದುಹೋಗಿದ್ದರು.

ಸಣ್ಣ ಫಾದರ್ ಇದನ್ನೆಲ್ಲ ಕೇಳಿ ಜಪಮಾಲೆಯನ್ನು ಮೇಜಿನ ಮೇಲೆ ತಂದಿಟ್ಟರು. ಕಡೆಗೆ, “ಅವರಿಗೂ?” ಎಂದರು. ಅಷ್ಟೇ.

“ಅವರಿಗೂ” ಎಂದೆ ನಾನು.

ಆ ವಾರ ನೋಟಿಸು ಗೋಡೆಯಿಂದ ಹೋಯಿತು. ಬೇಲಿಯ ಮಾತು ಮತ್ತೆ ಬರಲಿಲ್ಲ. ನವೆಂಬರಿನಲ್ಲಿ ಸತ್ತವರ ನೆನಪಿನ ದಿನ ಸಣ್ಣ ಫಾದರ್ ಎಲ್ಲರನ್ನೂ ಬೇವಿನ ಮರದ ಕೆಳಗೆ ಕರೆದರು. ಪ್ರಾರ್ಥನೆ ಮುಗಿಸಿ, ಊರವರ ಕಡೆ ತಿರುಗಿ, “ಇವರು ದೇವರಲ್ಲ, ದೆವ್ವವೂ ಅಲ್ಲ. ನಮ್ಮ ಮೇಷ್ಟ್ರು. ಹೂವು ಇಡಿ, ಕಾಯಿ ಬೇಡ” ಎಂದರು. ಜನ ಕಾಯಿ ಒಡೆಯುವುದನ್ನು ಬಿಟ್ಟರು, ಊದುಬತ್ತಿ ಬಿಡಲಿಲ್ಲ. ಅದನ್ನು ಅವರು ನೋಡಿಯೂ ನೋಡದವರಂತೆ ದಾಟಿಹೋಗುತ್ತಿದ್ದರು.

ಲೈಬ್ರರಿ ಮತ್ತೆ ಸಂಜೆ ತೆರೆಯಿತು. ಸಣ್ಣ ಫಾದರ್ ಅಲ್ಲಿ ಬಂದು ಕೂರಲು ಶುರುಮಾಡಿದರು. ಮೊದಮೊದಲು ಏನನ್ನೂ ಓದುತ್ತಿರಲಿಲ್ಲ. ಆಮೇಲೆ ನನ್ನೊಡನೆ ವಾದಕ್ಕಿಳಿದರು. ಅವರಿಗೆ ತತ್ವಶಾಸ್ತ್ರ ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಅರ್ಥಶಾಸ್ತ್ರ ಹಿಡಿಸುತ್ತಿತ್ತು. ಸೋತರೆ ಮಾತು ಬಿಡುತ್ತಿದ್ದರು. ದೊಡ್ಡ ಫಾದರರ ಹಾಗೆ ಅವರು ಎಂದೂ ಆಗಲಿಲ್ಲ. ಆದರೆ ಹೊಸ ತಲೆಮಾರಿನ ಮಕ್ಕಳಿಗೆ ಅವರೇ ಬರೀ ಫಾದರ್ ಆದರು. ದೊಡ್ಡ ಫಾದರರ ದನಿ ಕೇಳಿ ಬೆಳೆದ ಹುಡುಗರು ಒಂದೊಂದು ವರ್ಷವೂ ಒಂದಿಷ್ಟು ಜನ ಕಾಲೇಜು ಬಿಟ್ಟು ಹೋದರು. ಕೆಮ್ಮಿನ ಸುದ್ದಿಯೂ ಅವರ ಜೊತೆ ಸವೆಯಿತು. ಜವಾನ ಮಾತ್ರ ಕೀಲಿ ಹಾಕುವ ಮೊದಲು ಒಮ್ಮೆ ಒಳಗೆ ಇಣುಕಿ, “ಹಾಕ್ಲೇನ್ರಿ?” ಎಂದು ಕೇಳುತ್ತಿದ್ದ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಸಣ್ಣ ಫಾದರಿಗೆ ಬೇರೆ ಕಡೆ ವರ್ಗವಾಯಿತು. ಹೋಗುವ ಮುನ್ನಾದಿನ ಅವರು ಸ್ಟಾಫ್ ರೂಮಿಗೆ ಬಂದರು.

“ಈಗ ಅವರು ಕೇಳಿಸುವುದಿಲ್ಲ ಮೇಡಂ. ಬಹಳ ದಿನವಾಯಿತು. ನಿಮಗೆ?”

“ನನಗೆ ಯಾವತ್ತೂ ಕೇಳಿಸಿಲ್ಲ, ಫಾದರ್.”

“ಯಾವತ್ತೂ?”

“ಒಂದು ದಿನವೂ ಇಲ್ಲ.”

ಅವರು ಏನೋ ಸಮಾಧಾನ ಹೇಳಲು ಹೊರಟು, ಅರ್ಧಕ್ಕೇ ಬಿಟ್ಟರು. ಅದು ಒಳ್ಳೆಯದಾಯಿತು. ಇಂದಿಗೂ ಪಕ್ಕದ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ನಾನು ಓದುವುದನ್ನು ನಿಲ್ಲಿಸುತ್ತೇನೆ. ಅವರವರದೇ ಕೆಮ್ಮು ಎಂದು ಗೊತ್ತಿದ್ದೂ ನಿಲ್ಲಿಸುತ್ತೇನೆ.

ಮಾರನೆಯ ಬೆಳಿಗ್ಗೆ ಹರಪನಹಳ್ಳಿ ಬಸ್ಸಿಗೆ ಅವರನ್ನು ಕಳಿಸಲು ಹೋದೆ. ಸಂತೆಯ ದಿನ, ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿದ ಮೇಲೆ ಅವರು ಬಗ್ಗಿ ಹೇಳಿದರು: “ನಾನು ಹೋದ ಮೇಲೆ ನನ್ನ ಸದ್ದು ಕೇಳಿಸಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಎದ್ದು ಬರುವಷ್ಟು ಓದಿದವನಲ್ಲ.”

ಇಬ್ಬರೂ ನಕ್ಕೆವು. ಬಸ್ಸು ಹೊರಟಿತು. ನಾನು ಸಂತೆಯಲ್ಲಿ ಒಂದಿಷ್ಟು ಹೀರೇಕಾಯಿ, ಮೆಣಸಿನಕಾಯಿ ಕೊಂಡುಕೊಂಡು, ಮೊದಲ ಪೀರಿಯಡ್ಡಿಗೆ ಹೊತ್ತಾಯಿತೆಂದು ಬೇಗಬೇಗ ನಡೆದೆ.