ಹಾಯಿದೋಣಿಯ ಬಿರುಕು

ಹಾಯಿದೋಣಿಯ ಹುಚ್ಚು ನನಗೆ ಹತ್ತು ವರ್ಷದ್ದು. ಒಳಗೆ ಇಬ್ಬರು ಮಲಗುವಷ್ಟು ಜಾಗ ಇರಬೇಕು, ಜೀಪಿನ ಹಿಂದೆ ಟ್ರೇಲರಿನಲ್ಲಿ ಬಂಟ್ವಾಳದಿಂದ ಕಡಲವರೆಗೆ ಎಳೆದೊಯ್ಯುವಂತಿರಬೇಕು, ಅಷ್ಟೇ ಆಸೆ. ಪಂಪು ರಿಪೇರಿಗೆಂದು ಮೂಡುಬಿದಿರೆಯ ಒಂದು ಮನೆಗೆ ಹೋದರೆ, ಅಂಥದ್ದೇ ಹಳೆಯ ದೋಣಿಯೊಂದು ಅವರ ಕಾರ್ ಶೆಡ್ಡಿನಲ್ಲಿ ಮಾರಾಟಕ್ಕಿತ್ತು!

ನೋಡಿದ ಕೂಡಲೇ ಮನಸೋತೆ. ಆದರೆ ಎಮ್ಮೆ ಕೊಳ್ಳುವವನು ಎಮ್ಮೆಯನ್ನು ಹೊಗಳುವುದುಂಟೇ? ತಳ ತಟ್ಟಿ, "ಇಲ್ಲಿ ಬಿರುಕು ಉಂಟು" ಎಂದೆ. "ಕಂಬ ಓರೆ, ಹಾಯಿಯೂ ಲಡ್ಡು, ಮುಟ್ಟಿದರೆ ಹರಿದೀತು" ಎಂದೆ. ಮನೆಯ ಹಿರಿಯರು ಒಂದೊಂದಕ್ಕೂ ತಲೆಯಾಡಿಸಿದರು.

ಅಷ್ಟರಲ್ಲಿ ದೋಣಿ ನೋಡಲು ಬೆಳ್ತಂಗಡಿಯ ಮೇಷ್ಟ್ರೊಬ್ಬರು ಬಂದರು. ಒಂದು ಸುತ್ತು ಹಾಕಿ, "ಎಷ್ಟು ಚಂದ ಉಂಟು ಮಾರಾಯ್ರೇ!" ಎಂದರು.

"ಹಾಗಾದರೆ ನಿಮಗೇ ಕೊಡ್ತೇನೆ" ಎಂದರು ಹಿರಿಯರು.

"ಮೊದಲು ಬಂದದ್ದು ನಾನಲ್ವಾ?" ಎಂದೆ.

"ಇಷ್ಟು ಹಾಳಾದ್ದನ್ನು ನಿಮ್ಮ ತಲೆಗೆ ಕಟ್ಟಿದರೆ ನನಗೆ ಪಾಪ ಬರ್ತದೆ."

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. "ದೋಷ ಎಲ್ಲ ನಿಮಗೆ ಗೊತ್ತುಂಟಲ್ಲ, ನೀವೇ ಬಂದು ಸರಿ ಮಾಡಿಕೊಡಿ" ಎಂದು ನನ್ನ ನಂಬರ್ ತೆಗೆದುಕೊಂಡರು.

ಈಗ ಪ್ರತಿ ಆದಿತ್ಯವಾರ ಬೆಳ್ತಂಗಡಿಗೆ ಹೋಗಿ, ಅವರ ದೋಣಿಯಡಿ ಮಲಗಿ ಉಜ್ಜುತ್ತೇನೆ. ಮೇಷ್ಟ್ರು ಚಾ ತಂದುಕೊಟ್ಟು, "ಬಿರುಕು ಸರಿಯಾಯಿತಾ?" ಎಂದು ಕೇಳುತ್ತಾರೆ. ಅದು ಸರಿಯಾಗದೆ ಅವರು ದೋಣಿಯನ್ನು ನೀರಿಗೆ ಇಳಿಸುವುದಿಲ್ಲವಂತೆ.

"ಇನ್ನೂ ಸ್ವಲ್ಪ ಉಂಟು" ಎನ್ನುತ್ತೇನೆ. ಇಲ್ಲದ ಬಿರುಕು ಅಷ್ಟು ಬೇಗ ಸರಿಯಾಗುವುದುಂಟೇ?