ಜೋಡಿ ಹಚ್ಚುವ ಮಾಸ್ತರು

ಮೊನ್ನೆ ಸಿಂದಗಿ ಬಸ್ಸಿನಲ್ಲಿ ಮುಂದಿನ ಸೀಟಿನವರು ಹಣೆಗೆ ತಲೆನೋವಿನ ಮುಲಾಮು ತಿಕ್ಕಿಕೊಂಡರು. ಆ ವಾಸನೆ ತಡೆಯದೆ ಕಿಟಕಿ ಸರಿಸಿದೆ. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರು ಅದನ್ನು ಹಚ್ಚಿಕೊಂಡೇ ತರಗತಿಗೆ ಬರುತ್ತಿದ್ದರು. ತಮಗೆ ತಲೆ ನೋಯುವುದು ನಮ್ಮಂಥ ದಡ್ಡ ಹುಡುಗಿಯರಿಂದ ಎನ್ನುತ್ತಿದ್ದರು.

ಇಂಗ್ಲಿಷಿನಲ್ಲಿ ಒಂದೊಂದು ಶಬ್ದಕ್ಕೂ ಅದರದೇ ಜೋಡಿ ಇರುತ್ತದೆ, ಅರ್ಥ ಕೂಡಿದರೂ ಬೇರೆಯದು ಒಗ್ಗುವುದಿಲ್ಲ ಎಂಬುದು ಅವರ ಪಾಠ. ಅದನ್ನು ಕಲಿಸಲು ಹಿಂದಿನ ದಿನವೇ ಚೀಟಿ ಹಂಚುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ಶಬ್ದ. ಮರುದಿನ ತನ್ನ ಜೋಡಿಯ ಕೈ ಹಿಡಿದು ನಿಲ್ಲಬೇಕು. ಜೋಡಿ ಇಲ್ಲದವಳು ಹೊರಗೆ ಬಿಸಿಲಿಗೆ. ಗಂಡ ಸಿಗದ ಹೆಣ್ಣು ಎಂದು ಅವಳನ್ನು ನೋಡಿ ನಗುತ್ತಿದ್ದರು.

ಹತ್ತನೆಯ ತರಗತಿಯಲ್ಲಿ ನನಗೆ 'ಚೇಂಜ್' ಬಂತು. ಬದಲಾವಣೆ ಬಹುಕಾಲ ಉಳಿಯುವಂಥದ್ದಾದರೆ ಅದಕ್ಕೆ ಲಾಸ್ಟಿಂಗ್ ಕೂಡುತ್ತದೆ, ಪರ್ಮನೆಂಟ್ ಕೂಡುತ್ತದೆ; ಸ್ಟ್ರಾಂಗ್ ಕೂಡುವುದಿಲ್ಲ, ಅದು ಚಹಾದ ಜೋಡಿ. ನನಗೆಲ್ಲ ಬಾಯಿಪಾಠವಿತ್ತು. ಆದರೆ 'ಟೀ' ಚೀಟಿಯವಳು ಅಂದು ಸಾಲೆಗೇ ಬರಲಿಲ್ಲ. 'ಸ್ಟ್ರಾಂಗ್' ಹಿಡಿದ ನನ್ನ ಗೆಳತಿ, ಜ್ವರದಿಂದ ಎದ್ದು ಬಂದವಳು, ಒಬ್ಬಳೇ ನಡುಗುತ್ತ ನಿಂತಿದ್ದಳು. ನಾನು ಹೋಗಿ ಅವಳ ಕೈ ಹಿಡಿದೆ...

ಮಾಸ್ತರು ಕಾರಣ ಕೇಳಲಿಲ್ಲ. ಇಬ್ಬರನ್ನೂ ಬಿಸಿಲಿಗೆ ಅಟ್ಟಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆ. ಆ ವಾರದ ಸಂತೆಯಲ್ಲಿ ಅಪ್ಪನನ್ನು ತಡೆದು ನಿಲ್ಲಿಸಿದರು.

"ನಿಮ್ಮ ಹುಡುಗಿಗೆ ಇಂಗ್ಲಿಷ್ ಹತ್ತಂಗಿಲ್ರಿ. ಹೆಂಗೂ ಫೇಲ್ ಆಗ್ತಾಳ. ಇಂಡಿ ಊರಾಗ ನಮ್ಮ ಪೈಕಿ ಒಂದು ವರ ಐತಿ, ಮಾಡಿ ಮುಗಸ್ರಿ."

ಮಾಸ್ತರ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ. ಪರೀಕ್ಷೆಯೊಂದು ಬರೆದು ಹೋಗುತ್ತೇನೆ ಎಂದು ಅಪ್ಪನ ಕಾಲು ಹಿಡಿದು ಗೋಗರೆದೆ. ಪರೀಕ್ಷೆಗೆ ಮೊದಲೇ ಮದುವೆಯಾಯಿತು. ಪಂಗತಿಯಲ್ಲಿ ಕೇಳಿ ಕೇಳಿ ಹುಗ್ಗಿ ಹಾಕಿಸಿಕೊಂಡು ಉಂಡ ಮಾಸ್ತರು, ಹೋಗುವಾಗ ನನ್ನೆದುರು ನಿಂತರು.

"ಲಾಸ್ಟಿಂಗ್ ಚೇಂಜ್ ಅಂದ್ರ ಇದು ನೋಡವಾ. ಈಗರೆ ತಲ್ಯಾಗ ಹೋತಿಲ್ಲೊ?"

ಸುತ್ತಲಿನವರು ನಕ್ಕರು. ಅಪ್ಪನೂ ನಕ್ಕ.

ಗಂಡ ಕುಡಿಯುವವರಲ್ಲ, ಕೈ ಎತ್ತಿದವರಲ್ಲ. ಅತ್ತೆ ನನ್ನನ್ನು ಉಪವಾಸ ಮಲಗಿಸಿದವರಲ್ಲ. ಹೆಣ್ಣುಮಕ್ಕಳಿಬ್ಬರೂ ಕಾಲೇಜಿಗೆ ಹೋಗುತ್ತಾರೆ, ನಲ್ಲಿಯಲ್ಲಿ ನೀರು ಬರುತ್ತದೆ. ಪೂಜೆಗೆ ಕೂತಾಗ ಇವನ್ನೆಲ್ಲ ಒಂದೊಂದಾಗಿ ನೆನೆದು ಶರಣು ಹೇಳುತ್ತೇನೆ. ಇವು ಶಿವ ಕೊಟ್ಟದ್ದು, ಮಾಸ್ತರು ಕೊಟ್ಟದ್ದಲ್ಲ.

ಹೋದ ತಿಂಗಳು ಅವರು ತೀರಿಕೊಂಡರಂತೆ. ಅದೇ ಗೆಳತಿ ಫೋನು ಮಾಡಿದಳು. ಅವಳೀಗ ಮುದ್ದೇಬಿಹಾಳದಲ್ಲಿ ಟೀಚರು. ಸಾಲೆಯಲ್ಲಿ ಗುರುಗಳ ನೆನಪಿಗೆ ಸಭೆ ಇಟ್ಟಿದ್ದಾರಂತೆ, ನಾನೂ ನಾಲ್ಕು ಮಾತಾಡಬೇಕಂತೆ. ಒಲ್ಲೆ ಎಂದೆ.

"ಸತ್ತವರ ಮ್ಯಾಲೆ ಎಂಥಾ ಸಿಟ್ಟು? ಬಿಡವಾ ಇನ್ನ," ಎಂದಳು.

"ನೀ ಪರೀಕ್ಷಾ ಬರದಿ. ನಿನಗ ಬಿಡಾಕ ಬರ್ತೈತಿ."

ಅವಳು ಮಕ್ಕಳ ಮಾತು ತೆಗೆದಳು...

ತೀರಿಹೋದವರಿಗೆಲ್ಲ ಪೂಜೆಯಲ್ಲಿ ಶಾಂತಿ ಬೇಡುವುದು ನನ್ನ ರೂಢಿ. ಜಗಳವಾಡಿದ ನೆರೆಯವಳಿಗೂ ಬೇಡಿದ್ದೇನೆ. ನಗುತ್ತ ನಿಂತ ಅಪ್ಪನಿಗೂ ಬೇಡಿದ್ದೇನೆ. ಫೋನು ಬಂದ ದಿನ ಪೂಜೆಯಲ್ಲಿ ಮಾಸ್ತರ ಸರದಿ ಬಂದಾಗ ಕಣ್ಣು ಮುಚ್ಚಿದೆ. ಬರೆಯದೆ ಉಳಿದ ಆ ಪರೀಕ್ಷೆಯೇ ಕಣ್ಣ ಮುಂದೆ ನಿಂತಿತು. ಶಿವ ದೊಡ್ಡವನು, ಅವರಿಗೆ ಶಾಂತಿ ಕೊಡುವುದಾದರೆ ಕೊಡಲಿ. ನಾನು ಬೇಡುವುದಿಲ್ಲ.